ಡೊನ್ಸೋಲಿನ ಮಹಾಮತ್ಸ್ಯ



ದೂರದೇಶದ ವಿಚಾರವಾಗಿ ಮಾತನಾಡಬೇಕೆಂದು ಅಪ್ಪಣೆಯಾದಾಗ ಮಹಾನಗರಗಳನ್ನೋ ಪ್ರಾಚೀನ ಸಾಮ್ರಾಜ್ಯಗಳನ್ನೋ ರಣರಂಗಗಳನ್ನೋ ಆರಿಸಿಕೊಳ್ಳುವುದು ಉಪನ್ಯಾಸಕರಲ್ಲಿ ರೂಢಿಯಾಗಿ ಬಂದಿದೆ. ಕೇಳುವವರಿಗೂ ಅದರಲ್ಲಿ ಒಂದು ಸಮಾಧಾನವುಂಟು, ಏಕೆಂದರೆ ಹೆಸರು ಮೊದಲೇ ಕೇಳಿದ್ದು, ಚಿತ್ರ ಮೊದಲೇ ಕಂಡದ್ದು, ಉಪನ್ಯಾಸಕನು ಎಲ್ಲಿಯಾದರೂ ಎಡವಿದರೆ ಅದನ್ನು ಹಿಡಿಯುವ ಸುಖವೂ ಶ್ರೋತೃಗಳಿಗೆ ಮೀಸಲಾಗಿರುತ್ತದೆ. ಈ ಸಂಜೆ ಆ ಸುಖವನ್ನು ನಾನು ತಮಗೆ ಒದಗಿಸಲಾರೆನು. ನಾನು ಆರಿಸಿಕೊಂಡಿರುವುದು ಫಿಲಿಪೀನ್ಸ್ ದ್ವೀಪಸ್ತೋಮದಲ್ಲಿ, ಲುಜೋನ್ ಎಂಬ ಮಹಾದ್ವೀಪದ ದಕ್ಷಿಣದ ತುದಿಯಲ್ಲಿ, ಸೊರ್ಸೊಗೊನ್ ಪ್ರಾಂತಕ್ಕೆ ಸೇರಿದ ಡೊನ್ಸೋಲ್ ಎಂಬ ಊರನ್ನು. 1998ಕ್ಕೆ ಮುಂಚೆ ಇದರ ಹೆಸರನ್ನು ಆ ದೇಶದವರಲ್ಲಿಯೇ ಅನೇಕರು ಕೇಳಿರಲಿಲ್ಲ. ನಾನು ಅಲ್ಲಿಗೆ ಹೋಗಿ ಬಂದವನೆಂದು ಹೇಳಿಕೊಳ್ಳುವ ಅಧಿಕಾರವೂ ನನಗಿಲ್ಲ. ನಕ್ಷೆಯನ್ನೂ ವರದಿಗಳನ್ನೂ ಪ್ರವಾಸಕಥನಗಳನ್ನೂ ಮುಂದಿಟ್ಟುಕೊಂಡು ಲೋಕಸಂಚಾರ ಮಾಡುವ ಜನರ ಗುಂಪಿಗೆ ಸೇರಿದವನು ನಾನು. ಆದರೂ ಈ ಊರಿನ ಕಥೆಯಲ್ಲಿ ಒಂದು ಸಂಗತಿ ನನ್ನನ್ನು ಬಹುಕಾಲದಿಂದ ಹಿಡಿದು ನಿಲ್ಲಿಸಿದೆ. ತನ್ನದಲ್ಲದ, ತಾನು ಕರೆಯದ, ತನ್ನ ಇಚ್ಛೆಗೆ ಒಳಗಾಗದ ಒಂದು ಪ್ರಾಣಿಯ ಬರವನ್ನೇ ನಂಬಿ ಒಂದು ಊರು ಬದುಕಲು ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೆ, ಆ ಪ್ರಾಣಿಯನ್ನು ಆಮಿಷವೊಡ್ಡಿ ಕಟ್ಟಿಹಾಕಬಾರದೆಂಬ ನಿಯಮವನ್ನೂ ತನಗೆ ತಾನೇ ವಿಧಿಸಿಕೊಂಡಿತು. ನನ್ನ ಮಾತೆಲ್ಲವೂ ಈ ಒಂದು ಸಂಗತಿಯ ಸುತ್ತಲೇ ಸುಳಿಯುವುದು.

ಮೊದಲು ಸ್ಥಳದ ಪರಿಚಯವಾಗಲಿ. ಮನಿಲಾ ನಗರದಿಂದ ಆಗ್ನೇಯಾಭಿಮುಖವಾಗಿ ಐನೂರು ಕಿಲೋಮೀಟರಿಗೂ ಮೀರಿ ಪಯಣಿಸಿದರೆ ಬಿಕೋಲ್ ಸೀಮೆಯ ಲೆಗಾಸ್ಪಿ ಪಟ್ಟಣ ಸಿಕ್ಕುತ್ತದೆ. ಅದರ ನೆತ್ತಿಯ ಮೇಲೆ ಮಯೋನ್ ಎಂಬ ಜ್ವಾಲಾಮುಖಿ. ಯಂತ್ರದಲ್ಲಿ ತಿರುವಿ ತೆಗೆದಂತೆ ಎಲ್ಲ ಕಡೆಯಿಂದಲೂ ಸಮನಾದ ಶಂಕುವಿನ ಆಕಾರ, ಎತ್ತರ ಸುಮಾರು 2,460 ಮೀಟರು. ಆ ರೂಪಕ್ಕೆ ಮರುಳಾದವರು ಅದರ ಚರಿತ್ರೆಯನ್ನೂ ತಿಳಿದಿರತಕ್ಕದ್ದು: 1814ರ ಫೆಬ್ರವರಿಯಲ್ಲಿ ಅದು ಸಿಡಿದಾಗ ಕಾಗ್ಸಾವಾ ಎಂಬ ಊರು ಮುಚ್ಚಿಹೋಗಿ ಸಾವಿರಕ್ಕೂ ಹೆಚ್ಚು ಮಂದಿ ಮಡಿದರು, ಇಂದು ಆ ಸ್ಥಳದಲ್ಲಿ ಇಗರ್ಜಿಯ ಗಂಟೆಗೋಪುರವೊಂದು ಮಾತ್ರ ನೆಲದಿಂದ ಮೇಲೆದ್ದು ನಿಂತಿದೆ. ಲೆಗಾಸ್ಪಿಯಿಂದ ತೆಂಗಿನ ತೋಪುಗಳ ನಡುವೆ ಐವತ್ತು ಕಿಲೋಮೀಟರಿನೊಳಗೆ ಡೊನ್ಸೋಲ್. ಊರಿನ ಮುಂದೆ ಕಡಲು. ಆ ಕಡಲಿನಾಚೆಗೆ ಟಿಕಾವ್ ಮತ್ತು ಬುರಿಯಾಸ್ ಎಂಬ ದ್ವೀಪಗಳು. ನೆಲಕ್ಕೂ ದ್ವೀಪಕ್ಕೂ ನಡುವಣ ಜಲಮಾರ್ಗಕ್ಕೆ ಟಿಕಾವ್ ಪಾಸ್ ಎಂದು ಹೆಸರು. ಅದಕ್ಕೆ ಅನತಿದೂರದಲ್ಲಿಯೇ ಸ್ಯಾನ್ ಬರ್ನಾರ್ಡಿನೊ ಜಲಸಂಧಿ. ಸ್ಪೇನಿನವರ ಆಳಿಕೆಯ ಕಾಲದಲ್ಲಿ ಮನಿಲಾದಿಂದ ಮೆಕ್ಸಿಕೋ ದೇಶದ ಅಕಪುಲ್ಕೋ ರೇವಿಗೆ ಚೀನದ ರೇಷ್ಮೆಯನ್ನು ಹೊತ್ತು ಹೊರಟ ಮಹಾನೌಕೆಗಳು ಈ ಸಂಧಿಯನ್ನು ದಾಟಿಯೇ ಶಾಂತಸಾಗರವನ್ನು ಸೇರುತ್ತಿದ್ದವು. ಅಷ್ಟು ದೊಡ್ಡ ವಾಣಿಜ್ಯ ಇನ್ನೂರೈವತ್ತು ವರ್ಷ ಪಕ್ಕದಲ್ಲಿಯೇ ಹಾದುಹೋದರೂ ಡೊನ್ಸೋಲಿನಂಥ ಊರುಗಳಿಗೆ ಅದರಿಂದ ದೊರೆತದ್ದು ಅತ್ಯಲ್ಪ.

ಈ ಊರನ್ನು ಅಲ್ಲಿಯವರು ಮುನಿಸಿಪಾಲಿಟಿ ಎಂದು ಕರೆಯುತ್ತಾರೆ. ಆ ಮಾತು ಕೇಳಿ ಬೀದಿದೀಪಗಳನ್ನೂ ಚರಂಡಿಗಳನ್ನೂ ಕಲ್ಪಿಸಿಕೊಳ್ಳಬಾರದು. ನಮ್ಮಲ್ಲಿ ಹೋಬಳಿಗೂ ತಾಲ್ಲೂಕಿಗೂ ನಡುವಣ ಪ್ರಮಾಣದ ಒಂದು ಸೀಮೆ ಅದು. ಗದ್ದೆ, ತೋಟ, ಗುಡ್ಡ, ಹೊಳೆ, ಕಡಲತೀರ ಇವೆಲ್ಲವೂ ಅದರ ಎಲ್ಲೆಯೊಳಗೆ ಸೇರುತ್ತವೆ. ಒಳಗೆ ಐವತ್ತರಷ್ಟು ಗ್ರಾಮಗಳು, ಬರಂಗಾಯ್ ಎಂದು ಅವುಗಳ ಹೆಸರು. ಒಟ್ಟು ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ಜನರು ಆರಿಸಿದ ಮೇಯರು ಒಬ್ಬ, ಅವನೊಡನೆ ಒಂದು ಶಾಸನಸಭೆ. ನಮ್ಮ ಸಭಿಕರು ವಿಶೇಷವಾಗಿ ಗಮನಿಸಬೇಕಾದ ಅಂಶವೆಂದರೆ, 1991ರ ಸ್ಥಳೀಯ ಆಡಳಿತ ಸಂಹಿತೆಯ ಪ್ರಕಾರ ಆ ದೇಶದ ಇಂಥ ಊರುಗಳಿಗೆ ದಡದಿಂದ ಹದಿನೈದು ಕಿಲೋಮೀಟರುಗಳವರೆಗಿನ ಸಮುದ್ರದ ಮೇಲೆಯೂ ಅಧಿಕಾರವುಂಟು. ಆ ಮೇರೆಯೊಳಗೆ ಯಾರು ಮೀನು ಹಿಡಿಯಬಹುದು, ಯಾವ ಬಲೆ ಸಲ್ಲದು, ಯಾವ ದೋಣಿಗೆ ಪರವಾನಗಿ ಎಂಬುದನ್ನು ನಿರ್ಣಯಿಸತಕ್ಕವರು ರಾಜಧಾನಿಯ ಮಂತ್ರಿಗಳಿಗಿಂತ ಮೊದಲು ಊರಿನ ಸಭೆಯವರು. ಮೂರು ಟನ್ನಿಗೆ ಮೀರಿದ ವಾಣಿಜ್ಯನೌಕೆಗಳಿಗೆ ಅಲ್ಲಿ ಸಾಮಾನ್ಯವಾಗಿ ಪ್ರವೇಶವಿಲ್ಲ. ಒಂದು ಬಡ ಗ್ರಾಮಸಮೂಹಕ್ಕೆ ಸಮುದ್ರವೇ ಪಂಚಾಯತಿಯ ವ್ಯಾಪ್ತಿಗೆ ಸೇರಿದ ಆಸ್ತಿಯಾದಂತಾಯಿತು. ಈ ಕಾನೂನು ಇರದಿದ್ದಲ್ಲಿ ನಾನು ಮುಂದೆ ಹೇಳಲಿರುವ ಕಥೆ ನಡೆಯುತ್ತಿರಲಿಲ್ಲ.

ಬಡತನದ ಮಾತನ್ನೂ ಮರೆಮಾಚದೆ ಹೇಳಬೇಕು. ತೆಂಗು, ಭತ್ತ, ನಾರಿಗಾಗಿ ಬೆಳೆಯುವ ಅಬಾಕಾ ಬಾಳೆ, ಬಾದಾಮಿಯನ್ನು ನೆನಪಿಗೆ ತರುವ ಪಿಲಿ ಎಂಬ ಬೀಜ, ದಿನದ ಮೀನು ಇವು ಆ ಸೀಮೆಯ ಬದುಕು. ಅಡುಗೆಯಲ್ಲಿ ತೆಂಗಿನಹಾಲೂ ಮೆಣಸಿನಕಾಯಿಯೂ ಧಾರಾಳ. ಕೆಸುವಿನ ಎಲೆಯನ್ನು ತೆಂಗಿನಹಾಲಿನಲ್ಲಿ ಕುದಿಸಿ ಮಾಡುವ ಲಾಯಿಂಗ್ ಎಂಬ ಪದಾರ್ಥವನ್ನು ನಮ್ಮ ಕರಾವಳಿಯ ಗೃಹಿಣಿಯರು ಅಪರಿಚಿತವೆಂದು ಭಾವಿಸಲಾರರು. ಆದರೆ ಶಾಂತಸಾಗರದ ಕಡೆಯಿಂದ ಬೀಸುವ ಚಂಡಮಾರುತಗಳಿಗೆ ಈ ಭೂಭಾಗವು ಹೆಬ್ಬಾಗಿಲಿನಲ್ಲಿದೆ. 2006ರಲ್ಲಿ ಒಂದಾದ ಮೇಲೊಂದರಂತೆ ಬಂದ ಬಿರುಗಾಳಿಗಳು ಬಿಕೋಲ್ ಸೀಮೆಯನ್ನು ನೆಲಕ್ಕೆ ಬಡಿದವು; 2014ರಲ್ಲಿ ಮತ್ತೊಂದು. ಗಾಳಿಗೆ ಬಿದ್ದ ತೆಂಗಿನ ಮರದ ಜಾಗದಲ್ಲಿ ನೆಟ್ಟ ಸಸಿ ಫಲ ಕೊಡಲು ಎಷ್ಟು ವರ್ಷ ಕಾಯಬೇಕೆಂಬುದನ್ನು ತೋಟವುಳ್ಳ ಯಾರಿಗೂ ಬಿಡಿಸಿ ಹೇಳಬೇಕಾದುದಿಲ್ಲ. ಅಲ್ಲಿಯ ಯುವಕರು ಮನಿಲಾಕ್ಕೋ ಕೊಲ್ಲಿ ರಾಷ್ಟ್ರಗಳಿಗೋ ವಲಸೆ ಹೋಗುವುದು ಈ ಕಾರಣದಿಂದಲೇ.

ಇನ್ನು ಊರಿನ ಹೆಸರನ್ನು ಲೋಕಕ್ಕೆ ತಿಳಿಸಿದ ಪ್ರಾಣಿಯ ವಿಚಾರ. ಡೊನ್ಸೋಲ್ ನದಿಯು ಒಳನಾಡಿನ ಮಣ್ಣನ್ನೂ ಎಲೆಗಸವನ್ನೂ ಹೊತ್ತು, ಕಾಂಡ್ಲಾ ವನಗಳ ನಡುವೆ ಹಾದು, ಊರಿನ ಬಳಿಯೇ ಕಡಲನ್ನು ಸೇರುತ್ತದೆ. ಜಲಮಾರ್ಗದ ಪ್ರಬಲವಾದ ಸೆಳೆತಗಳು ಆಳದ ತಣ್ಣೀರನ್ನು ಮೇಲಕ್ಕೆ ತಂದು ಅದರೊಡನೆ ಬೆರೆಸುತ್ತವೆ. ಈ ಸಂಯೋಗದಿಂದ ಅಲ್ಲಿಯ ನೀರಿನಲ್ಲಿ ಪ್ಲವಕಗಳೆಂಬ ಸೂಕ್ಷ್ಮಜೀವಿಗಳು ಲೆಕ್ಕವಿಲ್ಲದಷ್ಟು ಹುಟ್ಟಿ, ನೀರು ಹಸುರಾಗಿ, ಮಂದವಾಗಿ, ಕೆಲವು ಮಾರು ದೂರದ ವಸ್ತುವೂ ಕಾಣದಂತಾಗುತ್ತದೆ. ದೂರದಿಂದ ಬಂದ ಪ್ರವಾಸಿಗರು ನೀರು ಸ್ಫಟಿಕದಂತಿಲ್ಲವೆಂದು ಗೊಣಗುವುದುಂಟಂತೆ. ಸ್ಫಟಿಕದಂತಿದ್ದಿದ್ದರೆ ಅವರು ನೋಡಬಂದ ಮೀನು ಅಲ್ಲಿಗೆ ಬರುತ್ತಲೇ ಇರಲಿಲ್ಲ! ಕಣ್ಣಿಗೆ ಮಂಕಾಗಿ ಕಾಣುವ ಆ ನೀರೇ ಮೀನಿಗೆ ಅನ್ನ. ಚಿತ್ರಪಟದಲ್ಲಿ ಚೆಲುವಾಗಿ ಬರುವ ನೀಲಿಯ ಕಡಲು ಬಹುಮಟ್ಟಿಗೆ ಬಂಜರು.

ಅಲ್ಲಿಯವರು ಬುತಾಂಡಿಂಗ್ ಎನ್ನುವ ಈ ಮೀನು ತಿಮಿಂಗಿಲವಲ್ಲ. ತಿಮಿಂಗಿಲದ ಗಾತ್ರದ ಶಾರ್ಕ್. ಲೋಕದಲ್ಲಿರುವ ಮೀನುಗಳಲ್ಲೆಲ್ಲ ಇದೇ ದೊಡ್ಡದು. ಹತ್ತು ಹನ್ನೆರಡು ಮೀಟರು ಉದ್ದದವು ಅಪರೂಪವಲ್ಲ. ಹದಿನೆಂಟು ಮೀಟರಿನವೂ ದಾಖಲೆಯಲ್ಲಿವೆ. ಇಂಥ ಬೃಹತ್ಕಾಯವು ಸಮುದ್ರದಲ್ಲಿ ತಿರುಗಾಡುತ್ತಿದ್ದರೂ ವಿಜ್ಞಾನದ ದಫ್ತರಕ್ಕೆ ಸೇರಿದುದು ತೀರ ಈಚೆಗೆ: 1828ರಲ್ಲಿ ದಕ್ಷಿಣ ಆಫ್ರಿಕೆಯ ಟೇಬಲ್ ಕೊಲ್ಲಿಯಲ್ಲಿ ಸಿಕ್ಕ ಒಂದನ್ನು ನೋಡಿ ಆಂಡ್ರೂ ಸ್ಮಿತ್ ಎಂಬ ಸೇನಾವೈದ್ಯನು ಅದನ್ನು ವರ್ಣಿಸಿದನು. ಬಾಯಿ ಒಂದು ಮೀಟರಿಗೂ ಮೀರಿ ಅಗಲ, ಅದರೊಳಗೆ ಮೂರು ಸಾವಿರದಷ್ಟು ಹಲ್ಲುಗಳು. ಆದರೆ ಒಂದೊಂದೂ ಅಕ್ಕಿಯ ಕಾಳಿಗಿಂತ ಸಣ್ಣದು, ಯಾವುದನ್ನೂ ಕಚ್ಚಲಾರದು. ಬಾಯಿ ತೆರೆದು ಸಾವಕಾಶವಾಗಿ ಸಾಗುತ್ತ, ನೀರನ್ನು ಒಳಗೆಳೆದು ಕಿವಿರುಗಳಿಂದ ಹೊರಬಿಟ್ಟು, ನಡುವೆ ಸಿಕ್ಕ ಪ್ಲವಕ, ಸೀಗಡಿಮರಿ, ಮೀನಿನ ಮೊಟ್ಟೆ ಇವನ್ನು ಸೋಸಿ ನುಂಗುವುದು ಅದರ ಭೋಜನಕ್ರಮ. ಕಾಳಿದಾಸನು ರಘುವಂಶದ ಹದಿಮೂರನೆಯ ಸರ್ಗದಲ್ಲಿ, ಪುಷ್ಪಕದಲ್ಲಿ ಕುಳಿತ ರಾಮನಿಂದ ಸೀತೆಗೆ ಸಮುದ್ರವನ್ನು ತೋರಿಸುವಾಗ, ನದೀಮುಖದ ನೀರನ್ನು ಅದರಲ್ಲಿರುವ ಜೀವಿಗಳ ಸಮೇತ ಬಾಯಿಗೆ ತುಂಬಿಕೊಂಡು ಆಮೇಲೆ ನೀರನ್ನು ಮಾತ್ರ ಹೊರಚೆಲ್ಲುವ ತಿಮಿಗಳನ್ನು ವರ್ಣಿಸುತ್ತಾನೆ. ತಲೆಯ ರಂಧ್ರದಿಂದ ನೀರನ್ನು ಮೇಲಕ್ಕೆ ಚಿಮ್ಮಿಸುವ ಅವನ ಪ್ರಾಣಿ ನಿಜವಾಗಿ ತಿಮಿಂಗಿಲವೇ ಸರಿ, ಶಾರ್ಕ್ ಅಲ್ಲ. ಆದರೂ ನದಿ ಕಡಲನ್ನು ಸೇರುವೆಡೆಯಲ್ಲಿಯೇ ಮಹಾಪ್ರಾಣಿಗಳು ಮೇಯಲು ಬರುತ್ತವೆಂಬುದನ್ನೂ, ಅವು ಸೋಸಿ ತಿನ್ನುತ್ತವೆಂಬುದನ್ನೂ ಆ ಕವಿ ಯಾರಿಂದ ಕೇಳಿ ತಿಳಿದನೋ ಎಂದು ನಾನು ಸೋಜಿಗಪಟ್ಟಿದ್ದೇನೆ. ಯಾವನೋ ನಾವಿಕನು ಉಜ್ಜಯಿನಿಯ ಪೇಟೆಗೆ ಬಂದಿದ್ದಿರಬೇಕು.

ಡೊನ್ಸೋಲಿನ ಬೆಸ್ತರಿಗೆ ಈ ಮೀನು ಅಜ್ಜಂದಿರ ಕಾಲದಿಂದ ಪರಿಚಿತ. ನವೆಂಬರು ಡಿಸೆಂಬರಿನಲ್ಲಿ ಈಶಾನ್ಯದ ಗಾಳಿ ನೆಲೆನಿಂತ ಮೇಲೆ ಒಂದೊಂದಾಗಿ ಕಾಣಿಸಿಕೊಂಡು, ಫೆಬ್ರವರಿಯಿಂದ ಮೇ ತಿಂಗಳವರೆಗೆ ಹೆಚ್ಚಾಗಿ, ಮಳೆಗಾಲ ಹಿಡಿಯುವ ಹೊತ್ತಿಗೆ ಮರೆಯಾಗುವುದು. ಆದರೆ ಅವರು ಅದನ್ನು ಪೂಜಿಸಲೂ ಇಲ್ಲ, ಬೇಟೆಯಾಡಲೂ ಇಲ್ಲ. ಬಲೆ ಹರಿದೀತೆಂಬ ಅಂಜಿಕೆಯಿಂದ ದೂರವಿರುತ್ತಿದ್ದರು, ಅಷ್ಟೆ. ಬೇಟೆ ನಡೆಯುತ್ತಿದ್ದುದು ದಕ್ಷಿಣದ ಬೊಹೋಲ್ ಸಮುದ್ರದಲ್ಲಿ. ಪಮಿಲಾಕನ್ ಮೊದಲಾದ ದ್ವೀಪಗಳ ಸಾಹಸಿಗಳು ಮೀನಿನ ಬೆನ್ನಿನ ಮೇಲೆಯೇ ಧುಮುಕಿ ಕೈಯಲ್ಲಿದ್ದ ಕೊಕ್ಕೆಯನ್ನು ಅದರ ಮೈಗೆ ನಾಟುತ್ತಿದ್ದರು. 1990ರ ದಶಕದಲ್ಲಿ ತೈವಾನಿನವರು ಅದರ ಮಾಂಸಕ್ಕೆ ಒಳ್ಳೆಯ ಬೆಲೆ ಕೊಡತೊಡಗಿದ ಮೇಲೆ ಸಾಹಸವು ವ್ಯಾಪಾರವಾಯಿತು.

ಹೀಗಿರುವಲ್ಲಿ 1997ರ ಕೊನೆಗೂ 1998ರ ಮೊದಲಿಗೂ ನಡುವೆ ಕೆಲವು ಮುಳುಗುಗಾರರು ಡೊನ್ಸೋಲಿನ ಮುಂದಣ ಕಡಲಿನಲ್ಲಿ ಈ ಮೀನುಗಳನ್ನು ಚಲಚ್ಚಿತ್ರದಲ್ಲಿ ಸೆರೆಹಿಡಿದರು. ಸುದ್ದಿ ಪತ್ರಿಕೆಗೂ ದೂರದರ್ಶನಕ್ಕೂ ಹೋಯಿತು. ಮೆಚ್ಚಿ ನೋಡುವವರೂ ಕೊಲ್ಲುವವರೂ ಒಂದೇ ಸುದ್ದಿಯನ್ನು ಓದುತ್ತಾರೆಂಬುದು ಲೋಕದ ದುರದೃಷ್ಟ. ಕೆಲವೇ ವಾರಗಳಲ್ಲಿ ಬೇಟೆಗಾರರು ಬಂದು ಕೆಲವು ಮೀನುಗಳನ್ನು ಕೊಂದರು. ಊರಿನ ಸಭೆ ಆಗ ಮಾಡಿದ ಕೆಲಸವನ್ನು ಎಷ್ಟು ಹೊಗಳಿದರೂ ತಪ್ಪಾಗದು. ತನ್ನ ಹದಿನೈದು ಕಿಲೋಮೀಟರಿನ ಅಧಿಕಾರವನ್ನು ಉಪಯೋಗಿಸಿ, ತನ್ನ ಜಲಸೀಮೆಯನ್ನು ಈ ಮೀನಿಗೆ ಅಭಯಧಾಮವೆಂದು ಸಾರಿತು. 1998ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರವೂ ಎಚ್ಚೆತ್ತು, ದೇಶದಲ್ಲೆಲ್ಲ ಈ ಶಾರ್ಕನ್ನೂ ಮಾಂಟಾ ಎಂಬ ಮಹಾತೊರಕೆಯನ್ನೂ ಹಿಡಿಯುವುದು, ಮಾರುವುದು, ರಫ್ತು ಮಾಡುವುದು ದಂಡಾರ್ಹವೆಂದು ಆಜ್ಞೆ ಹೊರಡಿಸಿತು. ದೊಡ್ಡ ಸರ್ಕಾರಗಳು ಚಿಕ್ಕ ಊರುಗಳ ಹಿಂದೆ ನಡೆದ ಪ್ರಸಂಗಗಳು ಚರಿತ್ರೆಯಲ್ಲಿ ಹೆಚ್ಚಾಗಿ ಸಿಕ್ಕುವುದಿಲ್ಲ.

ಮುಂದಿನ ಪ್ರಶ್ನೆ ಹೊಟ್ಟೆಯದು. ವಿಶ್ವ ವನ್ಯನಿಧಿಯವರ ನೆರವಿನಿಂದ ಊರವರು ಒಂದು ಕ್ರಮವನ್ನು ಏರ್ಪಡಿಸಿದರು. ಬಂದ ಪ್ರವಾಸಿಯು ಮೊದಲು ಡಂಕಲಾನ್ ಗ್ರಾಮದಲ್ಲಿರುವ ಕಚೇರಿಯಲ್ಲಿ ಹೆಸರು ಬರೆಸಿ, ಶುಲ್ಕ ತೆತ್ತು, ಮೀನಿನ ಸನ್ನಿಧಿಯಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ಪಾಠವನ್ನು ಕೇಳಿಸಿಕೊಳ್ಳತಕ್ಕದ್ದು. ಆಮೇಲೆ ಬಂಕಾ ಎಂಬ, ಎರಡು ಪಕ್ಕದಲ್ಲಿಯೂ ಬಿದಿರಿನ ತೋಳುಗಳುಳ್ಳ ದೋಣಿಯಲ್ಲಿ, ಆರು ಮಂದಿಗೆ ಮೀರದಂತೆ, ಸುಮಾರು ಮೂರು ಗಂಟೆಗಳ ಕಾಲ ಯಾನ. ದೋಣಿಗಳು ಸರದಿಯ ಪ್ರಕಾರ ಹೊರಡುವುದರಿಂದ ಗಿರಾಕಿಗಳಿಗಾಗಿ ದೋಣಿಕಾರರು ದಡದಲ್ಲಿ ಕಿತ್ತಾಡುವ ಸಂದರ್ಭವಿಲ್ಲ. ಒಬ್ಬನು ದೋಣಿಯ ಎತ್ತರದ ಭಾಗದಲ್ಲಿ ನಿಂತು ನೀರಿನ ಕೆಳಗಣ ಕಪ್ಪು ನೆರಳನ್ನು ಅರಸುತ್ತಾನೆ. ಅವನ ಕಣ್ಣಿಗಿರುವ ಶಿಕ್ಷಣ ಯಾವ ವಿದ್ಯಾಲಯದ್ದೂ ಅಲ್ಲ. ಮೀನಿನ ಹಿಂಡನ್ನು ಅರಸಿ ಅರಸಿ ತಂದೆಯಿಂದ ಮಗನಿಗೆ ಬಂದದ್ದು. ಬುತಾಂಡಿಂಗ್ ಅಧಿಕಾರಿ ಎಂಬ ಗಂಭೀರವಾದ ಬಿರುದುಳ್ಳ ಮತ್ತೊಬ್ಬನು ಅಥವಾ ಮತ್ತೊಬ್ಬಳು ಪ್ರವಾಸಿಗಳೊಡನೆ ತಾನೂ ನೀರಿಗಿಳಿದು ಅವರನ್ನು ನಡೆಸುವನು. ನಿನ್ನೆಯವರೆಗೆ ಬಲೆ ಬೀಸುತ್ತಿದ್ದ ಬೆಸ್ತನೇ ಇಂದಿನ ಅಧಿಕಾರಿ.

ನಿಯಮಗಳು ಸರಳ, ಆದರೆ ಕಟ್ಟುನಿಟ್ಟಿನವು. ಒಂದು ಮೀನಿಗೆ ಒಂದೇ ದೋಣಿ; ನೀರಿನಲ್ಲಿ ಆರು ಮಂದಿಗಿಂತ ಹೆಚ್ಚಿಲ್ಲ; ಹತ್ತು ನಿಮಿಷಕ್ಕೆ ಮೀರಿ ಒಂದೇ ಮೀನಿನ ಬೆನ್ನು ಹತ್ತಕೂಡದು. ಮೈಯಿಂದ ಮೂರು ಮೀಟರು, ಬಾಲದಿಂದ ನಾಲ್ಕು ಮೀಟರು ದೂರವಿರಬೇಕು. ಮುಟ್ಟಬಾರದು, ದಾರಿಗೆ ಅಡ್ಡ ಬರಬಾರದು, ಮಿಂಚುದೀಪ ಹಾಕಿ ಚಿತ್ರ ತೆಗೆಯಬಾರದು, ಬೆನ್ನಿಗೆ ಗಾಳಿಯ ಕೊಳವೆ ಕಟ್ಟಿ ಆಳಕ್ಕೆ ಇಳಿಯಬಾರದು. ಎಲ್ಲಕ್ಕಿಂತ ಮೇಲಾಗಿ, ತಿನ್ನಲು ಏನನ್ನೂ ಹಾಕಬಾರದು. ಈ ವಿಧಿಗಳೆಲ್ಲ ಎಲ್ಲ ಕಾಲದಲ್ಲಿಯೂ ಅಕ್ಷರಶಃ ನಡೆದುವೆಂದು ಹೇಳಲಾರೆ. ಜನಜಂಗುಳಿಯ ದಿನಗಳಲ್ಲಿ ಒಂದೇ ಮೀನಿನ ಮೇಲೆ ಹಲವು ದೋಣಿಗಳು ಮುಗಿಬಿದ್ದುದೂ ಉಂಟು. ಹಣ ಬರುವ ಕಡೆ ನಿಯಮ ಬಾಗುವುದು ಅಲ್ಲಿಯೂ ಇದೆ. ಅಮೆರಿಕದ ಟೈಮ್ ಪತ್ರಿಕೆ 2004ರಲ್ಲಿ ಏಷ್ಯಾ ಖಂಡದಲ್ಲಿ ಪ್ರಾಣಿಯೊಂದನ್ನು ಸಂಧಿಸಲು ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲವೆಂಬಂತೆ ಡೊನ್ಸೋಲನ್ನು ಹೊಗಳಿದ ಮೇಲೆ ಸಂದಣಿ ಮತ್ತಷ್ಟು ಹೆಚ್ಚಾಯಿತು. ದೇಶದ ನೂರು ಪೆಸೊವಿನ ನೋಟಿನ ಹಿಂಬದಿಯಲ್ಲಿ ಮಯೋನ್ ಪರ್ವತದೊಡನೆ ಈ ಮೀನಿನ ಚಿತ್ರವೂ ಬಂದಿತು.

ಈ ಪ್ರಾಣಿಯ ಬೂದುಗಪ್ಪಿನ ಬೆನ್ನ ಮೇಲೆ ರಂಗೋಲಿಗೆ ಇಟ್ಟ ಚುಕ್ಕೆಗಳಂತೆ ಸಾಲುಸಾಲಾಗಿ ಬಿಳಿಯ ಬೊಟ್ಟುಗಳಿವೆ. ಒಂದರ ವಿನ್ಯಾಸ ಮತ್ತೊಂದಕ್ಕಿಲ್ಲ, ಜನ್ಮಾಂತ್ಯದವರೆಗೆ ಬದಲಾಗುವುದೂ ಇಲ್ಲ. ಕಿವಿರುಗಳ ಹಿಂದಣ ಪಾರ್ಶ್ವದ ಚಿತ್ರವೊಂದಿದ್ದರೆ ಯಾವ ಮೀನು ಯಾವುದೆಂದು ಗುರುತಿಸಬಹುದು. ಗುರುತಿಸುವ ಗಣಿತವು ಬಂದುದು ಆಕಾಶದಿಂದ: ನಕ್ಷತ್ರಪಟಗಳಲ್ಲಿ ಮೂರು ಮೂರು ತಾರೆಗಳ ತ್ರಿಕೋನಗಳನ್ನು ಹೋಲಿಸಿ ನೋಡಲು ಖಗೋಳಜ್ಞರು ಉಪಯೋಗಿಸುತ್ತಿದ್ದ ವಿಧಾನವನ್ನೇ 2005ರಲ್ಲಿ ಮೂವರು ಸಂಶೋಧಕರು ಈ ಮೀನಿನ ಬೊಟ್ಟುಗಳಿಗೆ ಅನ್ವಯಿಸಿ ತೋರಿಸಿದರು. ಹೀಗೆ ಚಿತ್ರ ತೆಗೆದು ತೆಗೆದು, 2007ರಿಂದ 2016ರವರೆಗಿನ ಅವಧಿಯಲ್ಲಿ ಡೊನ್ಸೋಲಿಗೆ ನಾನೂರೈವತ್ತಕ್ಕೂ ಹೆಚ್ಚು ಬೇರೆ ಬೇರೆ ಮೀನುಗಳು ಬಂದುದನ್ನು ಸಂಶೋಧಕರು ಲೆಕ್ಕವಿಟ್ಟಿದ್ದಾರೆ. ಅವುಗಳಲ್ಲಿ ಅನೇಕವು ವರ್ಷವರ್ಷವೂ ಮರಳಿದಂಥವು. ಕರೆಯುವವರಿಲ್ಲದೆ, ಕಟ್ಟುವವರಿಲ್ಲದೆ, ಮಹಾಸಾಗರದಲ್ಲಿ ಎಲ್ಲಿ ಬೇಕಾದರೂ ಹೋಗಬಲ್ಲ ಪ್ರಾಣಿ ಒಂದು ಹೊಳೆಯ ಬಾಯಿಗೆ ನಂಟು ಇಟ್ಟುಕೊಂಡು ಮತ್ತೆ ಮತ್ತೆ ಬರುವುದೆಂಬುದು ಈ ಲೆಕ್ಕದಿಂದ ಸಿದ್ಧವಾಯಿತು.

2009ರ ಮಾರ್ಚಿನಲ್ಲಿ ಪಕ್ಕದ ಪಿಲಾರ್ ಎಂಬ ಊರಿನಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ಹೇಳದೆ ಮುಂದುವರಿಯಲು ಮನಸ್ಸಾಗದು. ತೀರದಲ್ಲಿ ಗೂಟವೊಂದಕ್ಕೆ ಬಾಲವನ್ನು ಹಗ್ಗದಿಂದ ಬಿಗಿದ ಸಣ್ಣದೊಂದು ಮೀನು ಕಣ್ಣಿಗೆ ಬಿತ್ತು. ಅಳೆದು ನೋಡಿದರೆ ಮೂವತ್ತೆಂಟು ಸೆಂಟಿಮೀಟರು. ಮೈಮೇಲೆ ಅದೇ ಚುಕ್ಕೆಗಳು. ಅದು ಬುತಾಂಡಿಂಗಿನ ಮರಿ! ಅಲ್ಲಿಯವರೆಗೆ ಜೀವಂತವಾಗಿ ಕಂಡ ಮರಿಗಳಲ್ಲೆಲ್ಲ ಅತ್ಯಂತ ಚಿಕ್ಕದೆಂದು ಬಲ್ಲವರು ಹೇಳಿದರು. ಹಗ್ಗ ಬಿಚ್ಚಿ, ನೀರು ತುಂಬಿದ ಪಾತ್ರೆಯಲ್ಲಿ ದೋಣಿಗೆ ಸಾಗಿಸಿ, ಆಳದ ನೀರಿಗೆ ಒಯ್ದು ಬಿಟ್ಟರು. ಶತಪಥ ಬ್ರಾಹ್ಮಣದಲ್ಲಿ ಕೈತೊಳೆಯುವ ನೀರಿನೊಡನೆ ಮನುವಿನ ಕೈಗೆ ಬಂದ ಮರಿಮೀನು, ದೊಡ್ಡ ಮೀನುಗಳಿಂದ ತನ್ನನ್ನು ಕಾಪಾಡಬೇಕೆಂದು ಬೇಡಿ, ಕುಂಭದಲ್ಲಿಯೂ ಗುಂಡಿಯಲ್ಲಿಯೂ ಬೆಳೆದು ಕೊನೆಗೆ ಸಮುದ್ರವನ್ನು ಸೇರಿದ ಕಥೆ ತಮ್ಮೆಲ್ಲರಿಗೂ ತಿಳಿದದ್ದು. ಹಗ್ಗ ಬಿಚ್ಚಿದವರಿಗೆ ಆ ಕಥೆ ತಿಳಿದಿರಲು ಕಾರಣವಿಲ್ಲ, ಆದರೆ ನಡೆದುಕೊಂಡ ರೀತಿ ಮನುವಿನದೇ. ಈ ಮೀನು ಎಲ್ಲಿ ಮರಿಹಾಕುತ್ತದೆಂಬುದು ವಿಜ್ಞಾನಿಗಳಿಗೆ ಇಂದಿಗೂ ಒಗಟು. 1995ರಲ್ಲಿ ತೈವಾನಿನಲ್ಲಿ ಸಿಕ್ಕ ಒಂದು ಹೆಣ್ಣುಮೀನಿನ ಗರ್ಭದಲ್ಲಿ ಮುನ್ನೂರು ಮರಿಗಳಿದ್ದುವು. ಅದರಿಂದ ಇದು ಮರಿಹಾಕುವ ಮೀನೆಂಬುದು ನಿಶ್ಚಯವಾಯಿತು. ಪಿಲಾರಿನ ಮರಿ ಸಿಕ್ಕಿದ ಮೇಲೆ, ಹೆರಿಗೆಯ ಸ್ಥಳವೊಂದು ಆ ಸುತ್ತಿನಲ್ಲಿಯೇ ಇರಬಹುದೆಂಬ ಊಹೆಗೆ ಬಲ ಬಂದಿತು.

ಮಿಕ್ಕ ಆಕರ್ಷಣೆಗಳನ್ನು ಸಂಕ್ಷೇಪವಾಗಿ ಹೇಳುವೆನು. ಟಿಕಾವ್ ದ್ವೀಪದ ಬಳಿಯ ಕಡಲಿನೊಳಗೆ ಬೋಗುಣಿಯ ಆಕಾರದ ಒಂದು ತಗ್ಗು ಇದೆ. ಮಾಂಟಾ ತೊರಕೆಗಳು ಅಲ್ಲಿಗೆ ಬಂದು ನಿಂತು, ಚಿಕ್ಕ ಮೀನುಗಳಿಂದ ಮೈಯ ಕೀಟಗಳನ್ನು ತೆಗೆಸಿಕೊಳ್ಳುತ್ತವೆ. ಅಲ್ಲಿ ಸೆಳೆತ ಬಲವಾದದ್ದರಿಂದ ಪಳಗಿದ ಮುಳುಗುಗಾರರಿಗೆ ಮಾತ್ರ ಅದು ದರ್ಶನೀಯ. ಕಡಲಿಗಿಳಿಯಲು ಅಂಜುವವರಿಗೆ ಒಗೋದ್ ಎಂಬ ಹೊಳೆಯುಂಟು. ಕತ್ತಲಾದ ಮೇಲೆ ದೋಣಿಯಲ್ಲಿ ಹೊರಟರೆ ದಡದ ಕೆಲವು ಮರಗಳ ಮೇಲೆ ಖದ್ಯೋತಗಳು, ನಮ್ಮ ಮಿಣುಕುಹುಳುಗಳು, ಸಾವಿರಗಟ್ಟಲೆ ಕುಳಿತು ಮಿನುಗುತ್ತಿರುವುದು ಕಾಣುತ್ತದೆ. ಎಲ್ಲ ಮರಗಳ ಮೇಲೆಯೂ ಅಲ್ಲ. ಆರಿಸಿದ ಒಂದು ಮರ ತುಂಬಿದ್ದರೆ ಅದರ ನೆರೆಯದು ಬರಿದು. ಹೆಣ್ಣನ್ನು ಕರೆಯುವುದಕ್ಕಾಗಿ ಗಂಡುಗಳು ಬೆಳಗುವ ಆ ದೀಪಕ್ಕೆ ಕತ್ತಲೆ ಅವಶ್ಯಕ. ಮರಿಹುಳುಗಳು ಬಾಳುವುದು ಜವುಗಿನಲ್ಲಿ, ಬಸವನಹುಳುಗಳನ್ನು ತಿಂದು. ಆದಕಾರಣ ದಡದ ಕಾಂಡ್ಲಾ ಮರಗಳನ್ನು ಕಡಿದು ಸೀಗಡಿಯ ಹೊಂಡ ತೋಡಿದರೂ, ಹೊಳೆಯ ದಂಡೆಗೆ ಪ್ರಖರವಾದ ವಿದ್ಯುದ್ದೀಪ ಹಾಕಿದರೂ ಈ ನೋಟಕ್ಕೆ ಮುಕ್ತಾಯ. ನದಿಯನ್ನೂ ಜವುಗನ್ನೂ ಕಾಪಾಡಬೇಕಾದ ಅಗತ್ಯವು ಮಿಣುಕುಹುಳುವಿಗೂ ಮಹಾಮತ್ಸ್ಯಕ್ಕೂ ಒಂದೇ ಎಂಬುದನ್ನು ಊರವರು ಬೇಗನೆ ಅರಿತುಕೊಂಡರು.

ನಮ್ಮ ದೇಶಕ್ಕೂ ಈ ಕಥೆಗೂ ಒಂದು ನಿಜವಾದ ಸಂಬಂಧವುಂಟು. ಗುಜರಾತಿನ ವೇರಾವಳ ಮೊದಲಾದ ರೇವುಗಳಲ್ಲಿ ಇದೇ ಮೀನನ್ನು ಪೀಪಾಯಿ ಕಟ್ಟಿದ ಕೊಕ್ಕೆಗಳಿಂದ ಹಿಡಿದು, ಅದರ ಯಕೃತ್ತಿನ ಎಣ್ಣೆಯನ್ನು ದೋಣಿಗಳ ಮರಕ್ಕೆ ಹಚ್ಚುತ್ತಿದ್ದರು. ಅಲ್ಲಿಗೂ 1990ರ ದಶಕದಲ್ಲಿ ಮಾಂಸದ ರಫ್ತು ಬಂದು ಹತ್ಯೆ ಮಿತಿಮೀರಿತು. ಮೈಕ್ ಪಾಂಡೆಯವರು 2000ದಲ್ಲಿ ತೆಗೆದ ಸಾಕ್ಷ್ಯಚಿತ್ರವು ಜನರ ಕಣ್ಣು ತೆರೆಸಿತು. 2001ರಲ್ಲಿ ಭಾರತ ಸರ್ಕಾರವು ಈ ಮೀನನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪರಿಶಿಷ್ಟಕ್ಕೆ ಸೇರಿಸಿತು, ಹುಲಿಗೂ ಆನೆಗೂ ಇರುವ ರಕ್ಷಣೆ ಮೀನೊಂದಕ್ಕೆ ಮೊಟ್ಟಮೊದಲು ದೊರೆತದ್ದು ಆಗ. ಆಮೇಲೆ ಕಥಾಕಾರರಾದ ಮೊರಾರಿ ಬಾಪು ಅವರು ಇದನ್ನು ಹೆರಿಗೆಗಾಗಿ ತವರಿಗೆ ಬರುವ ಮಗಳೆಂದು ಸಾರಿದ ಮೇಲೆ, ಕಾಯಿದೆಗೆ ಮಣಿಯದ ಬೆಸ್ತರೂ ಮಗಳ ಮಾತಿಗೆ ಮಣಿದರು. ಬಲೆಗೆ ಸಿಕ್ಕ ಮೀನನ್ನು ಬಲೆ ಕತ್ತರಿಸಿ ಬಿಡುವವರಿಗೆ ಪರಿಹಾರ ಕೊಡುವ ಪದ್ಧತಿಯೂ ಬಂದಿತು. 2002ರಲ್ಲಿ ಚಿಲಿ ದೇಶದ ಸಾಂತಿಯಾಗೋ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಈ ಮೀನಿನ ವ್ಯಾಪಾರವನ್ನು ನಿಯಂತ್ರಿಸಬೇಕೆಂಬ ಪ್ರಸ್ತಾಪವನ್ನು ಮುಂದಿಟ್ಟವರಲ್ಲಿ ಭಾರತವೂ ಫಿಲಿಪೀನ್ಸೂ ಜೊತೆಗಿದ್ದುವು, ಅದು ಅಂಗೀಕೃತವೂ ಆಯಿತು. ನಮ್ಮಲ್ಲಿ ಮಗಳೆಂಬ ಭಾವನೆಯಿಂದಲೂ ಅವರಲ್ಲಿ ಜೀವನೋಪಾಯವೆಂಬ ಲೆಕ್ಕದಿಂದಲೂ ಒಂದೇ ಕಾರ್ಯ ಸಿದ್ಧಿಸಿತು. ಎರಡರಲ್ಲಿ ಯಾವುದು ಹೆಚ್ಚು ಬಾಳುವುದೆಂದು ಕೇಳಿದರೆ, ಲೆಕ್ಕಕ್ಕಿಂತ ಭಾವನೆಯ ಕಡೆಗೇ ನನ್ನ ಮತ.

ಏಕೆಂದರೆ ಲೆಕ್ಕದ ದೌರ್ಬಲ್ಯವು ಬಲುಬೇಗ ಗೋಚರವಾಯಿತು. 2011ರ ಸುಮಾರಿಗೆ ಸೆಬು ದ್ವೀಪದ ಓಸ್ಲೊಬ್ ಎಂಬ ಇನ್ನೊಂದು ಊರಿನ ಬೆಸ್ತರು, ತಮ್ಮ ಬಲೆಗಳಿಂದ ಈ ಮೀನನ್ನು ದೂರವಿಡಲು ಸೀಗಡಿಯ ಪುಡಿಮರಿಗಳನ್ನು ಚೆಲ್ಲುತ್ತಿದ್ದವರು, ಚೆಲ್ಲಿದ ಕಡೆ ಮೀನು ನಿಲ್ಲುವುದನ್ನು ಕಂಡು ಅದನ್ನೇ ಕಸುಬಾಗಿ ಮಾಡಿಕೊಂಡರು. ಅಲ್ಲಿ ಬೆಳಿಗ್ಗೆ ಹೋದವನಿಗೆ ದಡದ ಸಮೀಪದಲ್ಲಿಯೇ, ತಿಳಿನೀರಿನಲ್ಲಿ, ವರ್ಷದ ಎಲ್ಲ ತಿಂಗಳಲ್ಲಿಯೂ ದರ್ಶನ ಖಚಿತ. ಜನ ಲಕ್ಷಗಟ್ಟಲೆ ಹರಿದುಬಂದರು. ಬಂದ ಹಣದಲ್ಲಿ ಹೆಚ್ಚಿನ ಪಾಲು ಮೀನುಗಾರರ ಸಂಘಕ್ಕೇ ಸಲ್ಲುವಂತೆ ಆ ಊರಿನವರು ಕಟ್ಟಳೆ ಮಾಡಿಕೊಂಡರು. ಹುಲ್ಲುಜೋಪಡಿಯಲ್ಲಿದ್ದವನು ಸಿಮೆಂಟಿನ ಮನೆ ಕಟ್ಟಿದನು, ಮಕ್ಕಳು ಕಾಲೇಜಿಗೆ ಹೋದರು. ಇದನ್ನು ಪಾಪವೆಂದು ದೂರದಿಂದ ಶಪಿಸುವ ಹಕ್ಕು ಹೊಟ್ಟೆ ತುಂಬಿದವರಾದ ನಮಗೆ ಎಷ್ಟುಮಟ್ಟಿಗೆ ಉಂಟೋ ಕಾಣೆನು. ಆದರೆ ಮೀನಿನ ಪಾಲಿಗೆ ಏನಾಯಿತೆಂಬುದನ್ನು ಸಂಶೋಧಕರು ಬರೆದಿಟ್ಟಿದ್ದಾರೆ: ವಲಸೆ ಹೋಗಬೇಕಾದ ಕೆಲವು ಮೀನುಗಳು ತಿಂಗಳುಗಟ್ಟಲೆ ಅಲ್ಲಿಯೇ ಉಳಿದುವು, ದೋಣಿಯ ಪಕ್ಕದಲ್ಲಿ ನೆಟ್ಟಗೆ ನಿಂತು ಕೈತುತ್ತಿಗೆ ಕಾಯುವುದನ್ನು ಕಲಿತುವು, ದೋಣಿಗೆ ಹೆದರದಂತಾದುದರಿಂದ ಮೈಮೇಲೆ ಗಾಯಗಳು ಹೆಚ್ಚಿದುವು.

ಅದೇ ವರ್ಷಗಳಲ್ಲಿ ಡೊನ್ಸೋಲಿಗೆ ಬರುವ ಮೀನುಗಳು ವಿರಳವಾದುವು. ನೀರಿನ ಉಷ್ಣತೆಯೋ, ಪ್ಲವಕಗಳ ಏರುಪೇರೋ, ದೋಣಿಗಳ ಗದ್ದಲವೋ, ಕಾರಣವನ್ನು ಒಂದಕ್ಕೇ ಆರೋಪಿಸುವಂತಿಲ್ಲ. ಮೂರು ಗಂಟೆ ಅಲೆದು ಒಂದು ನೆರಳನ್ನೂ ಕಾಣದೆ ಹಿಂದಿರುಗಿದ ಪ್ರವಾಸಿಗರು ಓಸ್ಲೊಬಿನ ದಾರಿ ಹಿಡಿದರು. ವಸತಿಗೃಹಗಳು ಬಣಗುಟ್ಟಿದುವು, ದೋಣಿಯ ಸರದಿ ಬರುವುದಕ್ಕೆ ದಿನಗಟ್ಟಲೆ ಕಾಯಬೇಕಾಯಿತು. ಒಂದಿಷ್ಟು ಸೀಗಡಿಯನ್ನು ಚೆಲ್ಲಿದರೆ ಸಾಕಿತ್ತು. ಆ ವಿದ್ಯೆ ಅಲ್ಲಿಯ ಬೆಸ್ತರಿಗೆ ತಿಳಿಯದ್ದಲ್ಲ. ಆದರೂ ಚೆಲ್ಲಲಿಲ್ಲ. ಮಿಣುಕುಹುಳುಗಳ ಹೊಳೆಗೆ ಹೆಚ್ಚು ದೋಣಿಗಳನ್ನು ಬಿಟ್ಟರು, ಕಾಂಡ್ಲಾ ಗಿಡಗಳನ್ನು ನೆಟ್ಟರು, ಉಳಿದ ದಿನಗಳಲ್ಲಿ ಹಿಂದಿನಂತೆ ಬಲೆಗೂ ತೆಂಗಿನ ತೋಟಕ್ಕೂ ಮರಳಿದರು. ಮುಂದೆ ಕೆಲವು ವರ್ಷ ಮೀನು ಹೆಚ್ಚಾಗಿ ಬಂದಿತು, ಕೆಲವು ವರ್ಷ ಮತ್ತೆ ಕಡಮೆಯಾಯಿತು. ಅದು ಏರುವುದೂ ಇಳಿಯುವುದೂ ಇಂದಿಗೂ ನಡೆದೇ ಇದೆ.

ಇಂಥ ಊರಿಗೆ ಹೋಗಬಯಸುವ ಯುವಕರು ಈ ಸಭೆಯಲ್ಲಿದ್ದರೆ ನನ್ನದೊಂದು ಮಾತು. ಒಂದೇ ದಿನದ ಸಮಯವನ್ನಿಟ್ಟುಕೊಂಡು ಹೋಗಬೇಡಿ. ಮೂರು ನಾಲ್ಕು ದಿನವಾದರೂ ಉಳಿಯುವಂತೆ ಹೋಗಿ, ಫೆಬ್ರವರಿಗೂ ಮೇ ತಿಂಗಳಿಗೂ ನಡುವೆ ಹೋಗಿ, ಮೀನು ಕಾಣಲಿಲ್ಲವೆಂದು ಶುಲ್ಕವನ್ನು ಹಿಂದಕ್ಕೆ ಕೇಳಬೇಡಿ. ಕೆಸುವಿನ ಎಲೆಯ ಪದಾರ್ಥದಲ್ಲಿ ಸೀಗಡಿಯೋ ಹಂದಿಯ ಮಾಂಸವೋ ಸಾಮಾನ್ಯವಾಗಿ ಸೇರಿರುತ್ತದೆಂಬುದನ್ನು ಶಾಕಾಹಾರಿಗಳು ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು.